ಇಳಿಸಬಾರದ ಪೂಜೆ

ನಮ್ಮೂರಿನಲ್ಲಿ ನನ್ನ ಕತ್ತು ನನ್ನದಾಗಿರಲಿಲ್ಲ, ಗ್ರಾಮದೇವತೆ ಪಟ್ಟಲದಮ್ಮನದಾಗಿತ್ತು. ಮೀಸೆ ಮೂಡುವ ಮೊದಲೇ ಅಮ್ಮನ ಪೂಜೆಯನ್ನು ಅಪ್ಪನ ತಲೆಯಿಂದ ನನ್ನ ತಲೆಗೆ ಸಾಗಿಸಿದರು. ಅವತ್ತಿನಿಂದ ದಾರಿಯಲ್ಲಿ ಹೋಗುವವರೆಲ್ಲ ಆ ಕತ್ತಿಗೆ ಯಜಮಾನರಾದರು. ಮರ ಹತ್ತಬೇಡ, ಕತ್ತು ಉಳುಕೀತು. ನಾಲೆಗೆ ಧುಮುಕಬೇಡ, ಕತ್ತು ಮುರಿದೀತು. ಹುಲ್ಲಿನ ಹೊರೆ ಮುಟ್ಟಬೇಡ, ಅಮ್ಮನನ್ನು ಹೊರುವ ತಲೆಯ ಮೇಲೆ ಬೇರೆ ಹೊರೆ ಕೂರಬಾರದು. ಎದುರಿಗೆ ಸಿಕ್ಕ ಮುದುಕಿಯರು ಮುಖ ನೋಡುವುದಕ್ಕೆ ಮೊದಲು ಕತ್ತು ನೋಡುತ್ತಿದ್ದರು. ಚಲುವರಾಜು ಎಂದು ನನಗೆ ಹೆಸರಿಟ್ಟಿದ್ದು ಸ್ಕೂಲಿನ ಹಾಜರಿಗೆ ಮಾತ್ರ ಉಪಯೋಗಕ್ಕೆ ಬಂತು. ಊರಿನಲ್ಲಿ ನಾನು ‘ಪೂಜೆ ಹೈದ’.

ಪೂಜೆ ಎಂದರೆ ಹೂವು ಏರಿಸಿ ಗಂಟೆ ಬಾರಿಸುವುದು ಎಂದು ಪಟ್ಟಣದವರು ತಿಳಿಯುತ್ತಾರೆ. ನಮ್ಮ ಕಡೆ ಹಾಗಲ್ಲ. ಆಳುದ್ದದ ಬಿದಿರಿನ ಚೌಕಟ್ಟಿಗೆ ಸೀರೆಗಳನ್ನು ನೆರಿಗೆ ಹಿಡಿದು ಸುತ್ತಿ, ನಡುವೆ ಅಮ್ಮನ ಬೆಳ್ಳಿಯ ಮುಖ ಕಟ್ಟಿ, ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟು ಅದನ್ನು ಹೊತ್ತು ತಮಟೆಗೆ ಕುಣಿಯುವುದಕ್ಕೆ ಪೂಜೆ ಎನ್ನುತ್ತೇವೆ. ಹಿಂದುಗಡೆ ಸೀರೆಯ ಸೆರಗು, ಪೂಜೆ ಹೊತ್ತವನ ಸೊಂಟದವರೆಗೂ ಇಳಿಬಿದ್ದಿರುತ್ತದೆ. ಮುಖ ಪೆಟ್ಟಿಗೆಯಲ್ಲಿರುವಾಗ ಅಮ್ಮ ಮಲಗಿದ್ದಾಳೆ ಎಂದು ಲೆಕ್ಕ. ಚೌಕಟ್ಟಿಗೆ ಕಟ್ಟಿ ತಲೆಗೆ ಏರಿಸಿದರೆ ಎದ್ದಳು. ಎದ್ದ ಮೇಲೆ ಅವಳು ಇಳಿಯುವುದು ಒಂದೇ ಜಾಗದಲ್ಲಿ, ನಮ್ಮೂರಿನ ಗುಡಿಯ ಮುಂದೆ. ನಡುವೆ ಎಷ್ಟೇ ದಣಿದರೂ ಗೋಡೆಗೆ ಒರಗಿ ನಿಂತೇ ಸುಧಾರಿಸಿಕೊಳ್ಳಬೇಕು. ತೀರ ಆಗದಿದ್ದರೆ ತಲೆಯಿಂದ ತಲೆಗೆ ಸಾಗಿಸಬಹುದು, ಅದೂ ನಮ್ಮ ಮನೆಯ ತಲೆಗೇ ಆಗಬೇಕು.

ನಮ್ಮ ಮನೆಯಲ್ಲಿದ್ದ ಗಂಡು ತಲೆಗಳು ಎರಡೇ. ಇನ್ನೊಂದು ಅಪ್ಪನದು, ಅದು ಕೆಟ್ಟುಹೋಗಿತ್ತು. ಕೊಕ್ಕರೆ ಬೆಳ್ಳೂರಿಗೆ ಪೂಜೆ ಹೊತ್ತು ಹೋಗಿ ಬಂದ ಒಂದು ದಿನ ಅಪ್ಪನ ಕತ್ತು ಎಡಕ್ಕೆ ವಾಲಿದ್ದು ಮತ್ತೆ ನೆಟ್ಟಗಾಗಲಿಲ್ಲ. ಅವತ್ತಿನಿಂದ ಮುದ್ದಯ್ಯ ಹೋಗಿ ಓರೆಗತ್ತು ಮುದ್ದಯ್ಯನಾದ. ಕತ್ತಿಗೆ ಟವಲು ಸುತ್ತಿಕೊಂಡು, ಯಾರನ್ನು ನೋಡಬೇಕಾದರೂ ಮೈಯನ್ನೇ ತಿರುಗಿಸಿ ನೋಡುತ್ತಿದ್ದ. ಅವ್ವ ಸೋಮಮ್ಮ ದಿನವೂ ಹರಳೆಣ್ಣೆ ಕಾಸಿ ತಿಕ್ಕಿ ತಿಕ್ಕಿ ಅವಳ ಹೆಬ್ಬೆರಳೇ ಸೊಟ್ಟಗಾಗಿತ್ತು.

ಹೊರೆ ಹೊರದ ಒಕ್ಕಲ ಮಗ ಮನೆಗೆ ದಂಡ. ಅದಕ್ಕೇ ನನ್ನನ್ನು ಮದ್ದೂರಿಗೆ ಓದಲು ಕಳಿಸಿದರು. ಓದಲಿ ಎಂದಲ್ಲ, ಮನೆಯಲ್ಲಿದ್ದು ಏನು ಮಾಡುತ್ತಾನೆ ಎಂದು. ಕಾಲುಹಾದಿ ಸವೆಸಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದೆ. ಮುಂದೇನು ಎಂದು ಯಾರೂ ಕೇಳಲಿಲ್ಲ. ಮುಂದೆ ಎಂಬುದು ನನ್ನ ಪಾಲಿಗೆ ಇದೆ ಎಂದೇ ಯಾರಿಗೂ ಹೊಳೆದಿರಲಿಲ್ಲ. ಶ್ರಾವಣ ಬಂದರೆ ಪೂಜೆ ಹೊತ್ತು ಆತಗೂರು, ಕಾರ್ತೀಕ ಬಂದರೆ ವೈದ್ಯನಾಥಪುರ, ಸತ್ತರೆ ಗುಡಿಯ ಹಿಂದಿನ ಹೊಲ. ರಾತ್ರಿ ಮಲಗಿದರೆ ಚಾಪೆಯ ಮೇಲೂ ಕತ್ತಿನಲ್ಲಿ ಆ ಭಾರ ಕೂತಿರುತ್ತಿತ್ತು. ನನಗೆ ಉಸಿರು ಕಟ್ಟುತ್ತಿತ್ತು, ಅದನ್ನು ಯಾರ ಹತ್ತಿರ ಹೇಳುವುದು? ಅಮ್ಮ ಭಾರ ಎಂದು ಹೇಳಿದವನನ್ನು ಊರು ಸುಮ್ಮನೆ ಬಿಡುತ್ತದೆಯೇ?

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಮ್ಮ ಹಳೆಯ ಮೇಷ್ಟರು ಒಂದು ಸುದ್ದಿ ತಂದರು. ಮೈಸೂರಿನ ಒಂದು ಕಾಲೇಜಿನವರು ಹಳ್ಳಿಯ ಹಾಡು ಕುಣಿತದ ಮೇಳ ಕಟ್ಟುತ್ತಿದ್ದಾರಂತೆ. ಮದ್ದೂರಿಗೇ ಬಂದು ಹುಡುಗರನ್ನು ಪರೀಕ್ಷೆ ಮಾಡಿ ಆರಿಸುತ್ತಾರಂತೆ. ಆರಿಸಿದವರಿಗೆ ಇಂಟರ್‌ಮೀಡಿಯೆಟ್ಟಿಗೆ ಸೀಟು, ಫೀಜು ಮಾಫಿ, ಹಾಸ್ಟೆಲಿನಲ್ಲಿ ಊಟ. ಮೇಳ ಕುಣಿಯಬೇಕಾದ ದಸರಾ ಹತ್ತಿರ ಬಂದದ್ದರಿಂದ ಆರಿಸಿದ ದಿನವೇ ಮಧ್ಯಾಹ್ನದ ರೈಲಿಗೆ ಜೊತೆಯಲ್ಲಿ ಕರೆದುಕೊಂಡು ಹೋಗುತ್ತಾರೆ. ಬರದವರ ಸೀಟು ಇನ್ನೊಬ್ಬರಿಗೆ.

ನಾನು ಊರು ಬಿಟ್ಟರೆ ಅಮ್ಮ ಪೆಟ್ಟಿಗೆಯಲ್ಲೇ ಮಲಗಬೇಕು. ಮಲಗಲಿ ಅಂದುಕೊಂಡೆ. ಅವಳಿಗೂ ಒಂದಷ್ಟು ನಿದ್ದೆ ಬೇಡವೇ?

ಅಪ್ಪನ ಹತ್ತಿರ ಹೇಳಿದೆ. ಅವನು ಮೈ ತಿರುಗಿಸಿ ನನ್ನನ್ನು ನೋಡಿ, “ಆಗ್ಲಿ ನಡಿ, ನಾನೂ ಬತ್ತೀನಿ” ಎಂದ. ಬೈಗುಳಕ್ಕೆ ಸಿದ್ಧವಾಗಿದ್ದವನಿಗೆ ಕಣ್ಣಲ್ಲಿ ನೀರೇ ಬಂತು. ಅಪ್ಪನ ಬಗ್ಗೆ ಎಷ್ಟು ಕೆಟ್ಟದ್ದು ಯೋಚಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆ ಬಹಳ ಹೊತ್ತು ಉಳಿಯಲಿಲ್ಲ.

ತಾಲೀಮಿಗೆ ಇಟ್ಟಿದ್ದ ಬರೀ ಚೌಕಟ್ಟನ್ನು ಗಾಡಿಗೆ ಹಾಕಿಕೊಂಡು ಹೊರಟೆವು. ತಮಟೆಗೆ ಚಿಕ್ಕಮಾದು ಬಂದಿದ್ದ. ಅಪ್ಪನ ಕಾಲದಿಂದಲೂ ನಮ್ಮ ಪೂಜೆಗೆ ಬಡಿಯುವವನು. ಮದ್ದೂರಿನ ಸ್ಕೂಲಿನ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಮಳವಳ್ಳಿ ಕಡೆಯ ಕೋಲಾಟದ ಹುಡುಗರು ಮಂಡಿಗೆ ಗೆಜ್ಜೆ ಕಟ್ಟಿ, ಒಂದೇ ಬಣ್ಣದ ರುಮಾಲು ಸುತ್ತಿ ಮಿಂಚುತ್ತಿದ್ದರು. ಅವರು ಕುಣಿದು ಮುಗಿಸಿದಾಗ ಕೋಟು ಪೇಟದ ಮೈಸೂರಿನ ಮೇಷ್ಟರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ನಾನು ನನ್ನ ಬೋಳು ಬಿದಿರನ್ನು ನೋಡಿಕೊಂಡೆ. ಬಟ್ಟೆ ಹರವದ ಬರೀ ತಂತಿಗಿಂತ ಕಡೆಯಾಗಿ ಕಂಡಿತು.

ಆಗ ಅಪ್ಪ ಗಾಡಿಯ ಹುಲ್ಲಿನ ಕೆಳಗಿಂದ ಕೆಂಪು ಬಟ್ಟೆ ಸುತ್ತಿದ ಪೆಟ್ಟಿಗೆಯನ್ನೂ ಸೀರೆಗಳ ಗಂಟನ್ನೂ ತೆಗೆದ.

“ಅಪ್ಪಾ, ಅಮ್ಮನ್ನ ಯಾಕ್ ತಂದೆ?”

“ಬರೀ ಬಿದ್ರು ಕುಣಿಸುದ್ರೆ ಯಾವನ್ಲಾ ಆರಿಸ್ಕತ್ತಾನೆ? ನೋಡ್ದಲ್ಲ ಮಳವಳ್ಳಿಯೋರ್ನ.”

“ಕಟ್ಟುದ್ರೆ ಊರ್ಗಂಟ ಒತ್ಕಂಡೋಗ್ಬೇಕಲ್ಲಪ್ಪ. ರೈಲು?”

“ಮೊದ್ಲು ಆರಿಸ್ಲಿ. ಆಮ್ಯಾಲಿನ್ ಮಾತು ಆಮ್ಯಾಕೆ.”

ಅಲ್ಲೇ ಬೇಡ ಎನ್ನಬಹುದಿತ್ತು. ಆದರೆ ನನಗೆ ಗೆಲ್ಲಬೇಕಿತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನೇ ಸಿಂಬೆ ಇಟ್ಟುಕೊಂಡು ತಲೆ ಬಗ್ಗಿಸಿದೆ.

ಕುಣಿದೆ. ಅದನ್ನು ಸುಳ್ಳು ಹೇಳಲಾರೆ, ಚೆನ್ನಾಗಿಯೇ ಕುಣಿದೆ. ಚಿಕ್ಕಮಾದುವಿನ ತಮಟೆ ಏರಿದಂತೆ ಎರಡೂ ಕೈ ಬಿಟ್ಟು ಸುತ್ತಿದೆ, ಮಂಡಿಯೂರಿ ನೆಲದ ನಿಂಬೆಹಣ್ಣು ಎತ್ತಿಕೊಂಡು ಎದ್ದೆ, ಸ್ಕೂಲಿನ ಜಗಲಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತಿ ಇಳಿದೆ. ಅಮ್ಮನ ಮುಖಕ್ಕೆ ಬಿಸಿಲು ಬಿದ್ದು ಹುಡುಗರ ಕಣ್ಣು ಕೋರೈಸುತ್ತಿತ್ತು. ಕುಣಿತ ನಿಂತಾಗ ಮೈಸೂರಿನ ಮೇಷ್ಟರು ಹತ್ತಿರ ಬಂದರು.

“ನೀವು ಬರಲೇಬೇಕು. ಎರಡೂವರೆಗೆ ರೈಲು. ಇಳಿಸಿ ಇನ್ನು, ಊಟ ಮಾಡಿ.”

ಇಳಿಸಿ! ಎಷ್ಟು ಸುಲಭವಾಗಿ ಹೇಳಿದರು. ಇಳಿಸುವ ಹಾಗಿಲ್ಲ ಎಂದೆ. ಯಾಕೆ ಎಂದರು. ಹೇಳಿದೆ. ಅವರು ಕೆಟ್ಟವರಲ್ಲ. “ನಿಮ್ಮ ಊರಿಗೆ ಹೋಗಿ ಇಳಿಸಿ ಬರುವಷ್ಟರಲ್ಲಿ ರಾತ್ರಿಯಾಗುತ್ತದಲ್ಲಪ್ಪ. ನಾನು ಕಾಯುವಂತಿಲ್ಲ” ಎಂದು ಪೇಚಾಡಿಕೊಂಡು, ಹುಡುಗರಿಗೆ ಎಲೆ ಹಾಕಿಸಲು ಹೋದರು.

ನಾನು ಜಗಲಿಯ ಕಂಬಕ್ಕೆ ಒರಗಿ ನಿಂತೆ. ಎದುರಿಗೆ ಮಳವಳ್ಳಿಯ ಹುಡುಗರು ಗೆಜ್ಜೆ ಬಿಚ್ಚಿ, ರುಮಾಲು ಬಿಚ್ಚಿ, ಕಾಲು ಚಾಚಿ ಕೂತು ಹುಳಿಯನ್ನ ಉಣ್ಣುತ್ತಿದ್ದರು. ಅವರ ಕುಣಿತ ಮುಗಿದಿತ್ತು, ನನ್ನದು ಮುಗಿಯುವಂಥದ್ದಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಬಗ್ಗುವ ಹಾಗಿಲ್ಲ. ರೈಲು ಇರುವುದು ಕೂಗಳತೆಯಲ್ಲಿ, ಗುಡಿ ಇರುವುದು ಪೂಜೆ ಹೊತ್ತು ನಡೆದರೆ ಅರ್ಧ ದಿನದ ದಾರಿಯಲ್ಲಿ. ಅಪ್ಪನೋ ಗಾಡಿಯ ನೆರಳಿನಲ್ಲಿ ಕೂತು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಆ ನಿಧಾನ ನೋಡಿ ನನಗೆ ಎಲ್ಲ ಅರ್ಥವಾಯಿತು. ನಾನು ಮೈಸೂರಿಗೆ ಹೋಗಬಾರದು ಎಂದೇ ಅವನು ಪೆಟ್ಟಿಗೆ ತಂದಿದ್ದ.

“ಊರ್ಗೆ ಒಂಡವಾ?” ಎಂದ, ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು. “ಒತ್ತು ಮುಳುಗೋದ್ರೊಳ್ಗೆ ಸೇರ್ಕಬೋದು.”

“ನೀನ್ ಒತ್ಕ. ನಿಂದೂ ನಮ್ಮನೆ ತಲೆನೇ ಅಲ್ವಾ?”

“ನನ್ ಕತ್ ಗೊತ್ತಿಲ್ವೇನ್ಲಾ ನಿಂಗೆ?”

“ಅಂಗಾರೆ ಇಲ್ಲೇ ಇಳಿಸ್ತೀನಿ.”

“ಇಳಿಸು ನೋಡವ” ಎಂದು ನಕ್ಕ. ನಾನು ಇಳಿಸುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಆ ಧೈರ್ಯ ನನ್ನಲ್ಲಿ ಬೆಳೆಯದ ಹಾಗೆ ನೋಡಿಕೊಂಡವನು ಅವನೇ ಅಲ್ಲವೇ?

ನನಗೆ ಆ ನಗು ತಡೆಯಲಾಗಲಿಲ್ಲ. ಹೊಟ್ಟೆಯೊಳಗಿನ ಸಿಟ್ಟೆಲ್ಲ ಮಂಡಿಗೆ ಇಳಿಯಿತು. ಕಂಬ ಬಿಟ್ಟು ಅಂಗಳದ ನಡುವೆ ಬಂದು ಮಂಡಿ ಬಗ್ಗಿಸಿದೆ. ಚೌಕಟ್ಟು ಮುಂದಕ್ಕೆ ವಾಲಿತು. ಸೀರೆಯ ಅಂಚು ಮಣ್ಣಿಗೆ ತಾಗಲು ಒಂದು ಗೇಣು ಇತ್ತು. ಚಿಕ್ಕಮಾದು “ಅಯ್ಯಯ್ಯೋ ಬ್ಯಾಡಿ ಬುದ್ಧಿ!” ಎಂದು ಕೂಗಿದ. ನನ್ನ ಕಿವಿಗೆ ಅದು ಬಿದ್ದರೂ ನಾನು ನಿಲ್ಲುವವನಾಗಿರಲಿಲ್ಲ.

ಆಗ ಯಾರೋ ನನ್ನನ್ನು ಪಕ್ಕಕ್ಕೆ ನೂಕಿದರು. ತಲೆ ಹಗುರವಾಯಿತು. ಬಿದ್ದವನು ಎದ್ದು ನೋಡಿದರೆ ಪೂಜೆ ನೆಟ್ಟಗೆ ನಿಂತಿತ್ತು, ಅದರ ಕೆಳಗೆ ಅಪ್ಪ ನಿಂತಿದ್ದ.

ಅಪ್ಪನ ಕತ್ತು ನೆಟ್ಟಗಿತ್ತು.

ಟವಲು ಬಿಚ್ಚಿ ಮಣ್ಣಿಗೆ ಬಿದ್ದಿತ್ತು. ಅಮ್ಮ ಒಂದಿಷ್ಟೂ ಅಲುಗದೆ ಅವನ ತಲೆಯ ಮೇಲೆ ಕೂತಿದ್ದಳು. ಅಭ್ಯಾಸ ಬಿಟ್ಟವನ ನಿಲುವಲ್ಲ ಅದು, ನೋವಿರುವವನದಂತೂ ಅಲ್ಲವೇ ಅಲ್ಲ. ಚಿಕ್ಕಮಾದು ತಮಟೆ ಹಿಡಿದುಕೊಂಡು ಬಾಯಿ ಬಿಟ್ಟು ನಿಂತ. “ಕತ್ತು ಗೌಡ್ರೆ?” ಎಂದ. ಇಷ್ಟು ವರ್ಷ ಊರಿಗೆ ಊರನ್ನೇ, ಎಣ್ಣೆ ತಿಕ್ಕುವ ಹೆಂಡತಿಯನ್ನೂ ಬಿಡದೆ ನಂಬಿಸಿದವನು! ಮೈಸೂರಿನವರು ಪರೀಕ್ಷೆ ಮಾಡಿ ಆರಿಸಬೇಕಾಗಿದ್ದದ್ದು ಅವನನ್ನು.

“ಯಾಕಪ್ಪ?” ಎಂದೆ.

“ಯಾಕೆ ಅಂದ್ರೆ? ನಂಗೂ ಸಾಕಾಗಿತ್ತು ಕಣ್ಲಾ. ನಿನ್ನಂಗೆ ಉಸ್ರು ಕಟ್ತಿತ್ತು.” ಅವನು ಎದುರಿಗಿನ ಗೋಡೆಗೆ ಹೇಳುತ್ತಿದ್ದ, ಪೂಜೆ ಹೊತ್ತವನು ಕತ್ತು ತಿರುಗಿಸುವ ಹಾಗಿಲ್ಲ. “ನಿಂಗೆ ಓಗಕ್ಕೆ ಮೈಸೂರೈತೆ. ನಂಗೆ ಎಲ್ಲಿತ್ತು? ನೀನಿದ್ದೆ, ನಿನ್ ತಲೆಗ್ ಸಾಗಿಸ್ದೆ.”

ಹೊಡೆಯಬೇಕು ಅನ್ನಿಸಿತು. ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಅವನ ತಲೆಯ ಮೇಲೆ ಅವಳು ಅಡ್ಡ ಇದ್ದಳು. ಹೊತ್ತವನ ಕಾಲು ಮುಟ್ಟುವಂತಿಲ್ಲ, ಮುಟ್ಟಿದರೆ ನಮಸ್ಕಾರ ಅಮ್ಮನಿಗೆ ಹೋಗುತ್ತದೆ. ಆಗ ಅವನು ನನ್ನಪ್ಪ ಅಲ್ಲ.

ಮೇಷ್ಟರು ಹುಡುಗರನ್ನು ಸ್ಟೇಷನ್ನಿನ ಕಡೆ ಹೊರಡಿಸಿದರು. ನಾನು ನನ್ನ ಬಟ್ಟೆಯ ಗಂಟು ಎತ್ತಿಕೊಂಡು, ಸ್ಟೇಷನ್ನಿನ ದಾರಿಯೂ ನಮ್ಮೂರಿಗೆ ಹೋಗುವ ಆತಗೂರಿನ ದಾರಿಯೂ ಬೇರೆಯಾಗುವ ಕಡೆಯವರೆಗೆ ಅಪ್ಪನ ಪಕ್ಕದಲ್ಲೇ ನಡೆದೆ. ಅಲ್ಲಿ ಅವನು ನಿಂತ. ಮಧ್ಯಾಹ್ನದ ಬಿಸಿಲಿನಲ್ಲಿ ಅವನ ಕತ್ತಿನ ನರ ಒಂದೊಂದೂ ಕಾಣುತ್ತಿತ್ತು. ಊರು ಸೇರುವಾಗ ಇನ್ನೂ ಬೆಳಕಿರುತ್ತದೆ. ಹೊಲದಿಂದ ಬರುವವರು, ನೀರಿಗೆ ಹೋಗುವವರು, ಚಾವಡಿಯಲ್ಲಿ ಕೂತವರು ಎಲ್ಲರೂ ನೋಡುತ್ತಾರೆ. ಅವ್ವ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಾಳೆ.

ಅವನಿಗೊಂದು ದಾರಿ ತೋರಿಸಬೇಕು ಅನ್ನಿಸಿತು.

“ಅಮ್ಮ ಕತ್ತು ವಾಸಿ ಮಾಡುದ್ಲು ಅಂತ ಯೋಳಪ್ಪ. ಎಲ್ರೂ ನಂಬ್ತಾರೆ.”

“ನಾನೂ ಸಾಕ್ಸಿ ಯೋಳ್ತೀನಿ ಗೌಡ್ರೆ” ಎಂದ ಚಿಕ್ಕಮಾದು, ನೆಲ ನೋಡುತ್ತ.

ನಂಬುವುದೇನು, ಊರು ಕುಣಿದಾಡಿಬಿಡುತ್ತಿತ್ತು. ಅಮ್ಮನ ಮಹಿಮೆ ಎಂದು ಪರಸ್ಥಳದಿಂದ ಜನ ಬರುತ್ತಿದ್ದರು. ಅವ್ವ ಹರಕೆ ಫಲಿಸಿತೆಂದು ಅತ್ತು ಅವನ ಕಾಲಿಗೆ ಬೀಳುತ್ತಿದ್ದಳು.

“ಬ್ಯಾಡ” ಎಂದ ಅಪ್ಪ. “ಅವಳ್ನ ತಲೆ ಮ್ಯಾಲ್ ಇಟ್ಕಂಡು ಅವಳ ಎಸ್ರಲ್ಲೇ ಸುಳ್ ಯೋಳ್ಳಾ? ಇದ್ದದ್ನ ಇದ್ದಂಗೆ ಯೋಳ್ತೀನಿ.”

“ಅವ್ವಂಗೆ?”

“ಅವಳ್ಗೇ ಮೊದ್ಲು.”

ರೈಲು ದೂರದಲ್ಲಿ ಕೂಗಿತು. “ಓಗ್ಲಾ, ನಿಂತ್ಕಂಡು ಏನ್ ನೋಡೀಯೆ” ಎಂದು ಗದರಿದ. ಚಿಕ್ಕಮಾದುವಿಗೆ ಬಡಿ ಎಂದ. ತಮಟೆ ಶುರುವಾಯಿತು, ಅವನ ಕಾಲು ತಾಳ ಹಿಡಿಯಿತು. ನಾನು ಸ್ಟೇಷನ್ನಿನ ಕಡೆ ಓಡಿದೆ. ಒಂದು ಸಲ ತಿರುಗಿ ನೋಡಿದಾಗ ದಾರಿಯ ಮೇಲೆ ಅಮ್ಮನ ಸೀರೆಯ ಸೆರಗು ಮಾತ್ರ ಅಲುಗುತ್ತ ಹೋಗುತ್ತಿತ್ತು. ಅಪ್ಪ ಅದರ ಒಳಗಿದ್ದ, ನನಗೆ ಕಾಣಲಿಲ್ಲ.