ನೀಲಿ ಕಂಡರೆ ಒಂದು ಒತ್ತು

ನಾನು ಒಂದು ಎಣಿಕೆ ಡಬ್ಬಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಉಕ್ಕಿನ ಮೈ, ನೆತ್ತಿಯ ಮೇಲೊಂದು ಗುಂಡಿ, ಬೆರಳು ತೂರಿಸಲು ಒಂದು ಉಂಗುರ, ಎದೆಯ ಕಿಟಕಿಯಲ್ಲಿ ನಾಲ್ಕು ಅಂಕಿ. ಗುಂಡಿ ಒತ್ತಿದರೆ ಟಿಕ್ ಎಂದು ಒಂದು ಹೆಚ್ಚುತ್ತದೆ. ಪಕ್ಕದ ಕಿವಿಯಂಥ ತಿರುಪು ತಿರುಗಿಸಿದರೆ ಎಲ್ಲ ಸೊನ್ನೆ. ನನಗೆ ಬರುವ ವಿದ್ಯೆ ಇಷ್ಟೇ. ಮುಂದೆ ವಿಜ್ಞಾನದ ಮಾತು ಬಂದಾಗ ಅದು ನಾನು ಒಬ್ಬ ಹುಡುಗಿಯ ಮುಷ್ಟಿಯೊಳಗೆ ಕುಳಿತು ಕೇಳಿ ಕಲಿತದ್ದು. ಅದರಲ್ಲಿ ತಪ್ಪಿದ್ದರೆ ತಪ್ಪು ನನ್ನದು, ಅವಳದಲ್ಲ.

ನಾನು ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಚಕ್ರ, ಹಲ್ಲು, ಸ್ಪ್ರಿಂಗು ಜೋಡಿಸಿದವರು ಫಿಲೋಮಿನಾ ಎಂಬ ಹೆಂಗಸು. ಅವರು ಪ್ರತಿ ಡಬ್ಬಿಯನ್ನೂ ಕಿವಿಗೆ ಹಿಡಿದು ಒತ್ತಿ ನೋಡುತ್ತಿದ್ದರು. ಸದ್ದು ಮಂಕಾಗಿದ್ದರೆ ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. ನನ್ನನ್ನು ಮೂರು ಸಲ ಬಿಚ್ಚಿದರು. "ಏನೋ ನೀನು, ಪರೀಕ್ಷೆಗೆ ಕೂತೋನ ಥರ ಹೆದರ್ಕೊಂಡು ಟಿಕ್ ಅಂತೀಯಲ್ಲ" ಎಂದು ನಕ್ಕರು. ಆ ಹೆದರಿಕೆ ನನಗೆ ಹುಟ್ಟಿನಿಂದಲೇ ಬಂದದ್ದು.

ಮೊದಲ ಕೆಲಸ ಮೈಸೂರಿನ ಒಂದು ಫಲಪುಷ್ಪ ಪ್ರದರ್ಶನದ ಗೇಟಿನಲ್ಲಿ. ಕಾವಲುಗಾರ ಚಿಕ್ಕಮಾದು ಒಳಗೆ ಬರುವವರನ್ನು ಎಣಿಸಲು ನನ್ನನ್ನು ಹಿಡಿದಿರುತ್ತಿದ್ದ. ಅವನ ಅಂಗೈ ಒರಟು, ಮನಸ್ಸು ಮೃದು. ಒಮ್ಮೆ ತುಂಬು ಬಸುರಿಯೊಬ್ಬಳು, "ನನ್ನ ಒಂದು ಒತ್ತುತ್ತೀಯೋ ಎರಡೋ?" ಎಂದು ಕೇಳಿದಳು. "ಒಳಗಿರೋರಿಗೆ ಹೂವು ಕಾಣಕಿಲ್ಲ ತಾಯಿ, ಒಂದೇ" ಎಂದ. ಸರಿಯಾದ ಉತ್ತರ ಯಾವುದು ಎಂದು ನಾನು ವಾರಗಟ್ಟಲೆ ಯೋಚಿಸಿದೆ.

ಕೆಲವು ವರ್ಷಗಳ ಮೇಲೆ ಗೇಟಿಗೆ ವಿದ್ಯುತ್ ಯಂತ್ರ ಬಂತು. ಪ್ರದರ್ಶನಕ್ಕೆ ನೆರವಾಗುತ್ತಿದ್ದ ಒಂದು ಕಾಲೇಜಿಗೆ ಹಳೆಯ ಸಾಮಾನಿನ ಪೆಟ್ಟಿಗೆಯೊಂದಿಗೆ ನಾನೂ ಹೋದೆ. ಅಲ್ಲಿನ ಪ್ರಯೋಗಾಲಯದ ಸಹಾಯಕ ಮರಿಸ್ವಾಮಿ ಪೆಟ್ಟಿಗೆ ಕೆದಕಿ ನನ್ನನ್ನು ಎತ್ತಿಕೊಂಡ. ಐವತ್ತು ದಾಟಿದ ಮನುಷ್ಯ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟು ಒರೆಸಿ, ಸಂಶೋಧನಾ ವಿದ್ಯಾರ್ಥಿನಿ ತಬಸ್ಸುಮ್ ಕೈಗೆ ಕೊಟ್ಟ. "ತಗಳಮ್ಮ, ನಿಮ್ ಫೋನ್ ಥರ ಮಧ್ಯೆ ಕರೆ ಬರಕಿಲ್ಲ ಇದಕ್ಕೆ."

ತಬಸ್ಸುಮ್ ದವನದ ಎಣ್ಣೆಯ ಮೇಲೆ ಕೆಲಸ ಮಾಡುತ್ತಿದ್ದಳು. ಹೂಮಾಲೆಯ ನಡುವೆ ಹಸಿರಾಗಿ ಘಮಘಮಿಸುತ್ತದಲ್ಲ, ಅದೇ ದವನ. ಮರಿಸ್ವಾಮಿ ಒಂದು ಬುಟ್ಟಿ ಸೊಪ್ಪನ್ನು ಗಾಜಿನ ಪಾತ್ರೆಗೆ ತುಂಬಿ ಕುದಿಸಿದರೆ, ಹಬೆ ತಣ್ಣಗಾಗಿ ನೀರಿನ ಮೇಲೆ ಅರ್ಧ ಚಮಚ ಎಣ್ಣೆ ತೇಲುತ್ತಿತ್ತು. ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲದೇ ಎಂಬುದೇ ಅವಳ ಪ್ರಶ್ನೆ.

ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಇಪ್ಪತ್ತನಾಲ್ಕು ಗುಳಿ. ಪ್ರತಿ ಗುಳಿಯಲ್ಲೂ ಸ್ತನ ಕ್ಯಾನ್ಸರಿನ ಜೀವಂತ ಕೋಶಗಳು. ಕೆಲವು ಗುಳಿಗೆ ಹೆಚ್ಚು ಎಣ್ಣೆ, ಕೆಲವಕ್ಕೆ ಅತಿ ಸ್ವಲ್ಪ, ಕೆಲವಕ್ಕೆ ಏನೂ ಇಲ್ಲ. ಎರಡು ದಿನ ಬಿಟ್ಟು ಒಂದು ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದದ್ದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಬಸ್ಸುಮ್ ಎಲ್ಲ ಕೋಶಗಳನ್ನೂ ಬಾಯಲ್ಲಿ ನೂರರವರೆಗೆ ಎಣಿಸುತ್ತಾ, ನೀಲಿ ಕಂಡಾಗ ಮಾತ್ರ ನನ್ನನ್ನು ಒತ್ತುತ್ತಿದ್ದಳು. ಬಾಯಿಗೂ ಬೆರಳಿಗೂ ಜಗಳ ಬಂದರೆ ಮೊದಲಿನಿಂದ ಶುರು.

ಆ ಶುಕ್ರವಾರ ಅತಿ ಸ್ವಲ್ಪ ಎಣ್ಣೆ ಹಾಕಿದ ಗುಳಿಯ ಎಣಿಕೆ ಮುಗಿದಾಗ ನನ್ನ ಎದೆಯಲ್ಲಿ ಎಂಬತ್ತೊಂದು ಇತ್ತು. ನೂರಕ್ಕೆ ಎಂಬತ್ತೊಂದು ಸತ್ತಿವೆ! ಅವಳ ಮಾರ್ಗದರ್ಶಕಿ ದಾಕ್ಷಾಯಿಣಿ ಮೇಡಂ, "ಇನ್ನೊಂದ್ಸಲ ಎಣಿಸು" ಎಂದರು. ಎಪ್ಪತ್ತೊಂಬತ್ತು. ಮತ್ತೊಮ್ಮೆ. ಎಂಬತ್ತೆರಡು. ತಬಸ್ಸುಮ್ ನನ್ನನ್ನು ಹಿಡಿದೇ ಕುಣಿದಳು. ಮರಿಸ್ವಾಮಿ ಕ್ಯಾಂಟೀನಿನಿಂದ ಬೋಂಡ ತಂದ. ನನಗೂ ಸಂತೋಷವಾಯಿತು. ಆದರೂ ಒಳಗೊಂದು ಅಳುಕು: ನನ್ನ ಚಕ್ರದ ಹಲ್ಲು ಎಲ್ಲಾದರೂ ಜಾರಿ ಒಂದಕ್ಕೆ ಎರಡಾಗಿದ್ದರೆ?

ಮರಿಸ್ವಾಮಿ ಬೋಂಡ ತಿನ್ನಲಿಲ್ಲ. ಅವನ ಹೆಂಡತಿ ಶಿವಮ್ಮಣ್ಣಿಗೆ ಇದೇ ಕಾಯಿಲೆ. ಆಸ್ಪತ್ರೆಯಲ್ಲಿ ಆರು ಸಲ ಔಷಧಿಯ ಡ್ರಿಪ್ ಹಾಕಬೇಕೆಂದಿದ್ದರು. ಎರಡು ಮುಗಿದಿತ್ತು. ಮೂರನೆಯದು ಮುಂದಿನ ಗುರುವಾರ.

"ಬರಕಿಲ್ಲ ಅಂತ ಕೂತವ್ಳೆ ಕನಮ್ಮ" ಎಂದ ತಬಸ್ಸುಮ್‌ಗೆ. "ವಾಂತಿ, ಸುಸ್ತು, ತಲೆ ಬೋಳು. ಫೋನಲ್ಲಿ ಈ ಎಂಬತ್ತೊಂದರ ಸುದ್ದಿ ಹೇಳ್ದೆ ನೋಡಿ, ಎದ್ದು ಕೂತ್ಲು. ಆ ಎಣ್ಣೇನೇ ತಂದ್ಕೊಡು, ಕುಡೀತೀನಿ ಅಂತಾಳೆ."

"ಅಣ್ಣಾ, ಇದು ತಟ್ಟೇಲಿರೋ ಕೋಶ. ಅಕ್ಕ ಅಲ್ಲ. ಕುಡಿಯೋ ಮಾತೇ ಬೇಡ. ಡ್ರಿಪ್ ಮಾತ್ರ ಬಿಡಿಸ್ಬೇಡಿ."

"ನಾನ್ ಹೇಳಿದ್ರೆ ಕೇಳ್ತಾಳಾ? ಮೂವತ್ತು ವರ್ಷದಿಂದ ಕೇಳಿಲ್ಲ."

ನಾನು ಮೇಜಿನ ಮೇಲೆ ಕೊನೆಯ ಎಣಿಕೆಯ ಎಂಬತ್ತೆರಡನ್ನು ತೋರಿಸುತ್ತಾ ಕುಳಿತಿದ್ದೆ. ಯಾರಾದರೂ ಕಿವಿ ತಿರುಗಿಸಿ ಸೊನ್ನೆ ಮಾಡಬಾರದೇ ಎನಿಸಿತು.

ಮೇಡಂ ಎಚ್ಚರದವರು. ಎರಡನೆಯ ತಟ್ಟೆಯಲ್ಲಿ ಗುಳಿಗಳ ಜಾಗ ಅದಲುಬದಲು ಮಾಡಿಸಿದರು. ಎಣ್ಣೆ ಹಾಕದ ಸಾಲು ಮೊದಲು ದೂರದ ತುದಿಯಲ್ಲಿತ್ತು, ಈಗ ಹೆಚ್ಚು ಎಣ್ಣೆಯ ಸಾಲಿನ ಪಕ್ಕಕ್ಕೆ ಬಂತು. ಸೋಮವಾರ ಬೆಳಗ್ಗೆ ಆ ಸಾಲನ್ನು ಎಣಿಸಿದಾಗ ಅರವತ್ತನಾಲ್ಕು ನೀಲಿ! ಎಣ್ಣೆಯನ್ನೇ ಹಾಕದ ಕೋಶಗಳು ಏಕೆ ಸತ್ತವು?

ತಬಸ್ಸುಮ್ ಮುಖ ಬಿಳಿಚಿತು. ಮೊದಲು ತನ್ನ ಕಣ್ಣನ್ನು ಬೈದುಕೊಂಡಳು. ಆಮೇಲೆ ನನ್ನನ್ನು ನೋಡಿದಳು. "ಈ ಡಬ್ಬಿ ಕೆಟ್ಟಿದೆ ಅನ್ಸತ್ತೆ ಮೇಡಂ. ಹಳೇದು."

ನಾನು ಹುಟ್ಟಿದಂದಿನಿಂದ ಹೆದರುತ್ತಿದ್ದ ಮಾತು ಅದು. ಮರಿಸ್ವಾಮಿ ಬಾಯಿಮಾತಿಗೆ ಬಿಡಲಿಲ್ಲ. ಮನೆಯಿಂದ ತರಿಸಿದ್ದ ಅವರೆಕಾಳನ್ನು ಹತ್ತು ಹತ್ತರ ಗುಡ್ಡೆ ಮಾಡಿ ಮೂವತ್ತು ಗುಡ್ಡೆ ಇಟ್ಟ. ಒಂದೊಂದೇ ಕಾಳು ಸರಿಸುತ್ತಾ ಒತ್ತಿದ. ಕೊನೆಯ ಕಾಳಿಗೆ ನನ್ನಲ್ಲಿ ಸರಿಯಾಗಿ ಮುನ್ನೂರು. "ಡಬ್ಬಿ ಸತ್ಯವಂತ ಕನಮ್ಮ" ಎಂದ. ನನಗೆ ಅಳು ಬರುವಂತಿದ್ದರೆ ಅತ್ತುಬಿಡುತ್ತಿದ್ದೆ. ಆದರೆ ನಾನು ಸರಿಯಾದರೆ ತಪ್ಪಿದ್ದು ಎಲ್ಲಿ?

ಅಂದು ಮಧ್ಯಾಹ್ನ ಶಿವಮ್ಮಣ್ಣಿಯೇ ಬಂದಳು. ತಲೆಗೆ ಹಳದಿ ಬಟ್ಟೆ ಕಟ್ಟಿದ್ದಳು. ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಹೂ ಮಾರಿದ ಗಂಟಲು.

"ಎಲ್ಲಿ ಆ ಎಣ್ಣೆ? ಇವರು ತರಕಿಲ್ಲ ಅಂದ್ರು, ನಾನೇ ಬಂದೆ. ಕೂದಲಿಲ್ದೋಳು ಹೂವು ಮಾರಿದ್ರೆ ಗಿರಾಕಿ, 'ನೀನೇ ಮುಡಿಯಲ್ವಲ್ಲ' ಅಂತಾರೆ."

ಮೇಡಂ ಕುರ್ಚಿ ಕೊಟ್ಟರು. ತಬಸ್ಸುಮ್ ಸುಳ್ಳು ಹೇಳಲಿಲ್ಲ. ಖಾಲಿ ತಟ್ಟೆಯೊಂದನ್ನು ಮುಂದಿಟ್ಟು ಯಾವ ಗುಳಿಗೆ ಏನು ಹಾಕಿದ್ದೆ, ಎಣ್ಣೆ ಹಾಕದ್ದೂ ಸತ್ತಿತು, ಯಾಕೆಂದು ಗೊತ್ತಾಗಿಲ್ಲ, ಎಂದಳು. ಶಿವಮ್ಮಣ್ಣಿ ತಟ್ಟೆಯನ್ನು ತಿರುಗಿಸಿ ನೋಡಿದಳು.

"ಮುಚ್ಚಳ ಎಲ್ಲ ಗುಳಿಗೂ ಇದೊಂದೇನಾ?"

"ಹೌದಕ್ಕಾ."

"ಅಯ್ಯೋ ನಿಮ್ಮ! ಕನಕಾಂಬರಕ್ಕೆ ವಾಸನೆ ಐತಾ?"

"ಇಲ್ಲ."

"ದವನದ ಪಕ್ಕ ಒಂದೇ ಬುಟ್ಟೀಲಿ ಮಡಗಿ, ಒದ್ದೆ ಬಟ್ಟೆ ಮುಚ್ಚಿ. ಬೆಳಗ್ಗೆಗೆ ಕನಕಾಂಬರನೂ ಘಮ್ ಅಂತದೆ. ಮುಟ್ಟೋದೂ ಬೇಡ, ತಾಗೋದೂ ಬೇಡ. ಹಿಂಗೆ ನಾನು ಎಷ್ಟು ಮೊಳ ಮಾರಿಲ್ಲ!"

ಮೇಡಂ ನಿಧಾನವಾಗಿ ತಟ್ಟೆಯ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. "ಆವಿ" ಎಂದರು. "ಎಣ್ಣೆ ಆವಿಯಾಗಿ ಮುಚ್ಚಳದಡಿ ಗುಳಿಯಿಂದ ಗುಳಿಗೆ ಹೋಗಿದೆ. ಸ್ವಲ್ಪ ಎಣ್ಣೆಯ ಗುಳಿಯನ್ನ ಕೊಂದದ್ದು ಪಕ್ಕದ ಗುಳಿಯ ಎಣ್ಣೆ." ಆಮೇಲೆ ಜೋರಾಗಿ ನಕ್ಕರು. "ತಬಸ್ಸುಮ್, ನಮ್ಮಿಬ್ಬರ ಡಿಗ್ರೀನೂ ಇವರ ಬುಟ್ಟಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚೋಣ. ಸ್ವಲ್ಪ ವಾಸನೆಯಾದ್ರೂ ಬರಲಿ."

ನಗುತ್ತಿದ್ದ ಶಿವಮ್ಮಣ್ಣಿ ತಟ್ಟನೆ ನಗು ನಿಲ್ಲಿಸಿದಳು. ತನ್ನ ಮಾತು ಎಲ್ಲಿಗೆ ಬಂತೆಂದು ಅವಳಿಗೆ ಅರ್ಥವಾಗಿತ್ತು. "ಹಂಗಾರೆ ಎಂಬತ್ತೊಂದು ಸುಳ್ಳಾ?"

"ಎಣಿಸಿದ್ದು ಸುಳ್ಳಲ್ಲ ಅಕ್ಕಾ. ನಾವು ಅರ್ಥ ಮಾಡ್ಕೊಂಡದ್ದು ಸುಳ್ಳಿರಬಹುದು. ಈಗ ಬೇರೆ ಬೇರೆ ತಟ್ಟೆ, ಬೇರೆ ಬೇರೆ ಮುಚ್ಚಳ, ಸುತ್ತ ಟೇಪು. ಬುಧವಾರ ಎಣಿಸ್ತೀನಿ."

"ನಾನೂ ಬತ್ತೀನಿ. ನನ್ ಮುಂದೇನೇ ಎಣಿಸ್ಬೇಕು. ಗುರುವಾರ ಹೋಗೋದೋ ಬಿಡೋದೋ ಆಮೇಲೆ."

ಆ ಎರಡು ದಿನ ನಾನು ಡ್ರಾಯರಿನಲ್ಲಿ ಸೊನ್ನೆ ಹಿಡಿದು ಕುಳಿತಿದ್ದೆ. ನನಗೆ ಏನು ಬೇಕಿತ್ತೆಂದು ಈಗಲೂ ತಿಳಿಯದು. ಅಂಕಿ ದೊಡ್ಡದಾದರೆ ಎಲ್ಲರಿಗೂ ಸಂತೋಷ, ಆದರೆ ಶಿವಮ್ಮಣ್ಣಿ ಡ್ರಿಪ್ ಬಿಡುತ್ತಾಳೆ. ಚಿಕ್ಕದಾದರೆ ಅವಳ ಆಸೆ ಮುರಿಯುತ್ತದೆ. ಅಂಕಿ ಹೀಗಿರಲಿ ಎಂದು ಬಯಸುವುದೇ ನನ್ನ ಕೆಲಸಕ್ಕೆ ದ್ರೋಹ ಎಂದುಕೊಂಡು ಬಯಸದಿರಲು ಹೆಣಗಿದೆ.

ಬುಧವಾರ ತಬಸ್ಸುಮ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ನನ್ನನ್ನು ಶಿವಮ್ಮಣ್ಣಿಯ ಕೈಗೆ ಕೊಟ್ಟಳು. "ನಾನು ನೀಲಿ ಅಂದಾಗ ಒಂದು ಒತ್ತಿ, ಅಷ್ಟೇ." ದಾರಕ್ಕೆ ಹೂ ಕಟ್ಟಿ ಕಟ್ಟಿ ಗಟ್ಟಿಯಾದ ಹೆಬ್ಬೆರಳು ನನ್ನ ನೆತ್ತಿಯ ಮೇಲೆ ಕುಳಿತಿತು. ತಣ್ಣಗಿತ್ತು.

ಎಣ್ಣೆ ಹಾಕದ ತಟ್ಟೆ: ಐದು. ಎಲ್ಲರೂ ಉಸಿರು ಬಿಟ್ಟರು. ಈಗ ಎಣಿಕೆ ನಂಬುವಂತಿತ್ತು.

ಅತಿ ಸ್ವಲ್ಪ ಎಣ್ಣೆಯ ತಟ್ಟೆ. "ಬಿಳಿ, ಬಿಳಿ, ಬಿಳಿ, ನೀಲಿ, ಬಿಳಿ..." ಟಿಕ್. ಬಹಳ ಹೊತ್ತು ಬಿಟ್ಟು ಇನ್ನೊಂದು ಟಿಕ್. ಹೆಬ್ಬೆರಳು ಕಾಯುತ್ತಿತ್ತು. ನೂರು ಮುಗಿದಾಗ ನನ್ನಲ್ಲಿ ಒಂಬತ್ತು.

"ಇನ್ನೊಂದೆರಡು ಒತ್ಲಾ?" ಎಂದಳು ಶಿವಮ್ಮಣ್ಣಿ ಮೆಲ್ಲಗೆ. "ಒತ್ತಿದ್ರೆ ಸಾಯ್ತವಾ?"

ತಬಸ್ಸುಮ್ ಕಣ್ಣು ಒರೆಸಿಕೊಂಡಳು. "ಇಲ್ಲಕ್ಕಾ."

ಹೆಚ್ಚು ಎಣ್ಣೆಯ ತಟ್ಟೆಯಲ್ಲಿ ಎಪ್ಪತ್ತೆರಡು ಬಂತು. ಶಿವಮ್ಮಣ್ಣಿ ನೆಟ್ಟಗಾದಳು. ಆಗ ಮೇಡಂ ಇನ್ನೊಂದು ತಟ್ಟೆ ಇಡಿಸಿದರು. ಅದರಲ್ಲಿದ್ದವು ಕಾಯಿಲೆಯಿಲ್ಲದ ಒಳ್ಳೆಯ ಕೋಶಗಳು, ಎಣ್ಣೆ ಮಾತ್ರ ಅಷ್ಟೇ ಹೆಚ್ಚು. ಅಲ್ಲೂ ಅರವತ್ತೆಂಟು. "ಕಳ್ಳನನ್ನೂ ಮನೆಯವರನ್ನೂ ಒಟ್ಟಿಗೆ ಹೊಡೆಯುತ್ತೆ. ಇದರಿಂದ ಔಷಧಿ ಆಗುತ್ತೋ ಇಲ್ಲವೋ ಹೇಳೋಕೆ ಎಷ್ಟು ವರ್ಷ ಬೇಕೋ. ನಿಮ್ಮ ಡ್ರಿಪ್ಪನ್ನ ಈ ಪರೀಕ್ಷೆಗಳನ್ನೆಲ್ಲ ದಾಟಿಸಿ ಆಸ್ಪತ್ರೆಗೆ ತಂದಿದ್ದಾರೆ, ಶಿವಮ್ಮಣ್ಣಿ."

ಅವಳು ನನ್ನನ್ನೇ ನೋಡುತ್ತಾ ಕುಳಿತಳು. ನಾನು ಅರವತ್ತೆಂಟನ್ನು ತೋರಿಸಿದೆ. ಬೇರೆ ಏನನ್ನೂ ತೋರಿಸಲು ನನಗೆ ಬಾರದು. ಕೊನೆಗೆ ಗಂಡನ ಕಡೆ ತಿರುಗಿದಳು. "ನಾಳೆ ಎಷ್ಟೊತ್ತಿಗೆ ಆಟೋ?"

"ಎಂಟಕ್ಕೆ" ಎಂದ ಮರಿಸ್ವಾಮಿ. ಮುಖ ತಿರುಗಿಸಿಕೊಂಡು ತೊಳೆದ ಗಾಜನ್ನೇ ಮತ್ತೆ ತೊಳೆಯತೊಡಗಿದ.

"ಈ ಡಬ್ಬಿ ನಂಗೆ ಕೊಡು ತಾಯಿ. ಅಲ್ಲಿ ಮೂರು ಗಂಟೆ ಸುಮ್ನೆ ಬಿದ್ಕಂಡಿರ್ಬೇಕು. ಹನಿಯಾದ್ರೂ ಎಣಿಸ್ತೀನಿ."

ಹೀಗೆ ನಾನು ಆಸ್ಪತ್ರೆ ಸೇರಿದೆ. ಗುರುವಾರ ಶಿವಮ್ಮಣ್ಣಿ ಪ್ರತಿ ಹನಿಗೂ ಒಂದೊಂದು ಒತ್ತಿದಳು. ಪಕ್ಕದ ಹಾಸಿಗೆಯ ನಿವೃತ್ತ ಟೀಚರು, "ಏನ್ರೀ ಅದು ಟಿಕ್ ಟಿಕ್?" ಎಂದು ಸಿಡುಕಿದರು. ಹತ್ತು ನಿಮಿಷಕ್ಕೆ, "ಎಷ್ಟಾಯ್ತು?" ಎಂದರು. ಅರ್ಧ ಗಂಟೆಗೆ, "ಕೊಡಿ ಇಲ್ಲಿ, ನೀವು ತೂಕಡಿಸ್ತಿದ್ದೀರಿ, ತಪ್ಪಾಗುತ್ತೆ" ಎಂದು ಕಸಿದುಕೊಂಡರು. ಮುಂದಿನ ಸಲಕ್ಕೆ ಯಾರ ಬಾಟಲಿಯಲ್ಲಿ ಎಷ್ಟು ಹನಿ ಎಂದು ವಾರ್ಡಿನಲ್ಲಿ ಪಂದ್ಯ ನಡೆಯುತ್ತಿತ್ತು. ಸೋತವರು ಹಾಡಬೇಕು. ವಾಂತಿ ನಿಲ್ಲಲಿಲ್ಲ, ಸುಸ್ತೂ ಹೋಗಲಿಲ್ಲ. ಆದರೆ ಶಿವಮ್ಮಣ್ಣಿ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ.

ಆರನೆಯ ಡ್ರಿಪ್ಪಿನ ದಿನ ತಬಸ್ಸುಮ್ ನೋಡಲು ಬಂದಿದ್ದಳು. ಅವಳ ಪ್ರಬಂಧ ಅಚ್ಚಿಗೆ ಹೋಗಿತ್ತು. ಸುಗಂಧ ತೈಲಗಳನ್ನು ಒಂದೇ ಮುಚ್ಚಳದಡಿ ಪರೀಕ್ಷಿಸಬೇಡಿ ಎಂದು ತನ್ನ ತಪ್ಪನ್ನೇ ಮೊದಲ ಪುಟದಲ್ಲಿ ಬರೆದಿದ್ದಳು. ಈಗ ಎಣ್ಣೆಯ ಆವಿಯ ಮೇಲೆಯೇ ಹೊಸ ಕೆಲಸವಂತೆ. ನನ್ನನ್ನು ವಾಪಸು ಕೇಳಲು ಕೈ ಚಾಚಿದಳು. ಟೀಚರು ನನ್ನನ್ನು ದಿಂಬಿನಡಿ ಬಚ್ಚಿಟ್ಟರು. ತಬಸ್ಸುಮ್ ನಕ್ಕು ಕೈ ಹಿಂದೆಗೆದಳು.

ಅದಾಗಿ ಎಷ್ಟೋ ಕಾಲವಾಯಿತು. ನಾನು ಈಗ ಆ ವಾರ್ಡಿನ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಎಷ್ಟು ಕೈ ದಾಟಿದೆನೋ ನಾನೇ ಎಣಿಸಿಲ್ಲ. ಕೆಲವು ಕೈಗಳು ಮತ್ತೆ ಬರಲಿಲ್ಲ, ಅದನ್ನೂ ಮುಚ್ಚಿಡಬಾರದು. ಶಿವಮ್ಮಣ್ಣಿ ಆರು ತಿಂಗಳಿಗೊಮ್ಮೆ ತಪಾಸಣೆಗೆ ಮಾತ್ರ ಬರುತ್ತಾಳೆ. ತುರುಬಿಗೆ ಹೂ ಮುಡಿದು, ಡಾಕ್ಟರ ಕೋಣೆಯಿಂದ ನಗುತ್ತಾ ಹೊರಬಂದು, ನನ್ನನ್ನು ಒಂದು ಸಲ ಒತ್ತಿ ಹೋಗುತ್ತಾಳೆ.

ನನ್ನ ಎಡಗಡೆಯ ಕೊನೆಯ ಚಕ್ರ ಸವೆದು ನಿಂತಿದೆ. ಒಂಬೈನೂರ ತೊಂಬತ್ತೊಂಬತ್ತಾದ ಮೇಲೆ ನಾನು ಸೊನ್ನೆಗೇ ಬೀಳುತ್ತೇನೆ. ಒಬ್ಬ ನರ್ಸು ನನ್ನನ್ನು ಎಸೆಯಲು ಹೊರಟಾಗ ವಾರ್ಡಿನ ಹೆಂಗಸರೆಲ್ಲ ಜಗಳಕ್ಕೆ ಬಿದ್ದರು. ಈಗ ಅವರೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ನನ್ನ ಮೂರು ಒಂಬತ್ತು ಹತ್ತಿರ ಬಂದಾಗ ಎಲ್ಲರೂ ಮಾತು ನಿಲ್ಲಿಸಿ ಕಾಯುತ್ತಾರೆ. ಕೊನೆಯ ಹನಿ ಬೀಳುತ್ತದೆ, ಟಿಕ್ ಎನ್ನುತ್ತೇನೆ. ನನಗೆ ಹೇಳಲಾಗದ್ದನ್ನು ಹನ್ನೆರಡು ಹಾಸಿಗೆಗಳೂ ಒಟ್ಟಿಗೆ ಕೂಗುತ್ತವೆ: "ಸಾವಿರ!"