ಖಾಲಿ ಸ್ಟೂಲು

ಪ್ರತಿದಿನ ಬೆಳಿಗ್ಗೆ ನಾನು ಮೊದಲು ತೆಗೆಯುವ ಫೋಟೋ ನನ್ನದೇ ಬಲಗಣ್ಣಿನದು. ಬಂದವರು ಕೂರುವ ಕುರ್ಚಿಯಲ್ಲಿ ಕೂತು, ಪಟ್ಟಿಯ ಮೇಲೆ ಗದ್ದ ಊರಿ, ಟೈಮರ್ ಒತ್ತಿ, ಹತ್ತು ಸೆಕೆಂಡು ರೆಪ್ಪೆ ಬಡಿಯದೆ ಇರುತ್ತೇನೆ. ಬೆಳಕು ಸರಿಯಿದೆಯೇ, ಪಾಪೆಯ ಸುತ್ತಲಿನ ಬಣ್ಣದ ಬಳೆಯಲ್ಲಿ ಎಳೆ ಎಳೆ ಬಿಡಿಸಿ ಕಾಣುತ್ತದೆಯೇ ಎಂದು ನೋಡಿ ಅಳಿಸಿಬಿಡುತ್ತೇನೆ. ಮೂರು ವರ್ಷದಿಂದ ದಿನಕ್ಕೊಂದು ಸಲ ನನ್ನನ್ನು ನಾನೇ ಅಳಿಸುತ್ತ ಬಂದಿದ್ದೇನೆ.

ದೊಡ್ಡಪ್ಪ ಕಣ್ಣು ಓದುವವರು. ಕಣ್ಣಿನ ಬಳೆಯೊಳಗೆ ಇಡೀ ಮೈಯ ನಕ್ಷೆ ಇದೆ ಎಂದು ಅವರ ನಂಬಿಕೆ. ಗಡಿಯಾರದ ಮುಖದಂತೆ ಗೆರೆ ಎಳೆದ ಪಾರದರ್ಶಕ ಹಾಳೆಯೊಂದನ್ನು ಫೋಟೋದ ಮೇಲಿಟ್ಟು, ಇದು ಗುಂಡಿಗೆಯ ಜಾಗ, ಇದು ಮೂತ್ರಪಿಂಡದ ಜಾಗ ಎಂದು ಪೆನ್ಸಿಲ್ ತುದಿಯಿಂದ ತೋರಿಸುತ್ತಾರೆ. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಎಲ್ಲೂ ಸಲ್ಲದೆ ಕೂತಿದ್ದಾಗ, "ನಿನ್ನ ಡಿಗ್ರಿನ ಗೋಡೆಗೆ ಹಾಕೋ, ಕ್ಯಾಮೆರಾ ಕೈಗೆ ತಗೋ" ಎಂದು ಕರೆದುಕೊಂಡವರು ಅವರೇ. ನನಗೆ ಆ ನಕ್ಷೆಯಲ್ಲಿ ನಂಬಿಕೆ ಇರಲಿಲ್ಲ. ಹಾಗಂತ ಅವರಿಗೆ ಎಂದೂ ಹೇಳಲಿಲ್ಲ. ಮಾಳಿಗೆಯ ನನ್ನ ಕೋಣೆಯಲ್ಲಿ ಮಾತಿಗೆ ಯಾರೂ ಇಲ್ಲ. ಕೆಳಗೆ ದೊಡ್ಡಪ್ಪನಾದರೂ ಇದ್ದರು.

ಆ ಮಂಗಳವಾರ ನಾನಿನ್ನೂ ಕುರ್ಚಿಯಿಂದ ಏಳುವಷ್ಟರಲ್ಲಿ ಟೈಲರ್ ಅಕ್ಕ ಬಾಗಿಲಲ್ಲಿ ನಿಂತಿದ್ದರು. ನಮ್ಮ ಬೀದಿಯ ತುದಿಯಲ್ಲಿ ಒಂದೇ ಮೆಷಿನ್ನಿನ ಅಂಗಡಿ ಅವರದು. ಐವತ್ತು ದಾಟಿದ ಒಂಟಿ ಹೆಂಗಸು. ತಿಂಗಳಿಗೊಮ್ಮೆ ಬರುತ್ತಿದ್ದರು.

"ಏನು ಫೋಟೋ ತಮ್ಮಾ, ನಿನ್ನ ಜಾಗ ಬಿಟ್ಟು ನನ್ನ ಜಾಗದಲ್ಲಿ ಕೂತಿದೀಯ?"

"ಕುರ್ಚಿ ಬಿಸಿ ಮಾಡ್ತಿದ್ದೆ ಅಕ್ಕಾ."

"ಆಯ್ತು, ಏಳು. ನನಗೆ ಹತ್ತು ಗಂಟೆಗೆ ಗಿರಾಕಿ ಇದ್ದಾರೆ."

ಆ ಗಡಿಬಿಡಿಯಲ್ಲಿ ನನ್ನ ಫೋಟೋ ಅಳಿಸುವುದು ಮರೆಯಿತು. ಅಕ್ಕನ ಬಲಗಣ್ಣು ಎರಡು ಸಲ ಮಿಟುಕಿತು. ಒಳಗಿನಿಂದ ದೊಡ್ಡಪ್ಪ "ಆಯ್ತೇನೋ?" ಎಂದರು. ಇದ್ದುದರಲ್ಲಿ ನಿಚ್ಚಳವಾಗಿದ್ದುದನ್ನು ಆರಿಸಿ ಅಚ್ಚು ಹಾಕಿಕೊಟ್ಟೆ. ಫೋಟೋಗಳಿಗೆ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಹೆಸರು ನೋಡಿದರೆ ಓದುವವನ ಮನಸ್ಸು ವಾಲುತ್ತದೆ, ಕಣ್ಣೇ ಗುರುತು ಹೇಳಬೇಕು ಎನ್ನುತ್ತಾರೆ ದೊಡ್ಡಪ್ಪ. ಅಕ್ಕನದೂ ಕಂದು ಕಣ್ಣು, ನನ್ನದೂ ಕಂದು.

ದೊಡ್ಡಪ್ಪ ಹಾಳೆ ಇಟ್ಟು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹಿಂದಿನ ತಿಂಗಳ ಫೋಟೋವನ್ನು ಪಕ್ಕದಲ್ಲಿಟ್ಟರು.

"ಏಳೂಮುಕ್ಕಾಲಿನ ಜಾಗ, ಪಿತ್ತಕೋಶದ್ದು... ಕಲೆ ಇತ್ತಲ್ಲಮ್ಮ ಇಲ್ಲಿ? ಇಲ್ಲ ಈಗ! ಪೂರ್ತಿ ಹೋಗಿದೆ!"

ಮೂವತ್ತು ವರ್ಷದಲ್ಲಿ ಕಲೆ ಮಾಸಿದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

"ಹಾಗಾದ್ರೆ ಶುಕ್ರವಾರದ ಸ್ಕ್ಯಾನು?" ಅಕ್ಕ ಕೇಳಿದರು. ಅವರ ಬಲಪಕ್ಕೆಯ ಕೆಳಗೆ ನೋವು. ಮೈ ಇಳಿದು, ಮೂರು ತಿಂಗಳಲ್ಲಿ ತಮ್ಮ ರವಿಕೆಗಳನ್ನು ಎರಡು ಸಲ ಬಿಗಿ ಮಾಡಿಕೊಂಡಿದ್ದರು. ಆಸ್ಪತ್ರೆಯವರು ಸ್ಕ್ಯಾನಿಗೆ ದಿನ ಕೊಟ್ಟಿದ್ದರು.

"ಅದು ನಿಮ್ಮಿಷ್ಟ. ನನಗಂತೂ ಇಲ್ಲೇನೂ ಕಾಣಿಸ್ತಿಲ್ಲ." ಆಮೇಲೆ ಪೆನ್ಸಿಲ್ ತುದಿಯನ್ನು ಫೋಟೋದ ಅಂಚಿಗೆ ಒಯ್ದರು. "ಆದ್ರೆ ಈ ಉಂಗುರಗಳು ಜಾಸ್ತಿ ಆಗಿವೆ. ನರದ ಉಂಗುರ. ಒಳಗೊಳಗೇ ಇಟ್ಕೊಳ್ಳೋರಿಗೆ ಹೀಗಾಗುತ್ತೆ. ಯಾರ ಹತ್ರಾನೂ ಮಾತಾಡಲ್ವಾ ನೀವು?"

"ನಾನಾ? ದಿನವಿಡೀ ಬಾಯಿ ಮುಚ್ಚಲ್ಲ ಅಂತ ಗಿರಾಕಿಗಳು ಬೈತಾರೆ!" ಅಕ್ಕ ನಕ್ಕರು. ಹೋಗುವಾಗ ಮೆಟ್ಟಿಲನ್ನು ಹಗುರವಾಗಿ ಇಳಿದರು. ದೊಡ್ಡಪ್ಪ ಎರಡೂ ಫೋಟೋಗಳನ್ನು ಗೋಡೆಗೆ ಅಂಟಿಸಿ, ದೂರ ನಿಂತು ನೋಡಿದರು.

ಸಂಜೆ ಕ್ಯಾಮೆರಾ ಖಾಲಿ ಮಾಡುವಾಗ ಬೆಳಿಗ್ಗೆ ಅಚ್ಚು ಹಾಕಿದ ಆ ಬಲಗಣ್ಣು ಪರದೆಯ ತುಂಬ ಬಂತು. ಪಾಪೆಯ ಕಪ್ಪಿನಲ್ಲಿ ಎದುರಿನ ಕೋಣೆ ಸಣ್ಣದಾಗಿ ಬಿದ್ದಿರುತ್ತದೆ: ಕಿಟಕಿ, ಕ್ಯಾಮೆರಾ, ಅದರ ಹಿಂದೆ ಸ್ಟೂಲಿನ ಮೇಲೆ ಕೂತ ನನ್ನ ನೆರಳು. ಬಂದವರೆಲ್ಲರ ಕಣ್ಣಲ್ಲೂ ನಾನಿರುತ್ತೇನೆ. ಇದರಲ್ಲಿ ಸ್ಟೂಲು ಖಾಲಿಯಿತ್ತು.

ನಾನು ಬಹಳ ಹೊತ್ತು ಅದನ್ನೇ ನೋಡಿದೆ. ಮೊದಲು ಬಂದದ್ದು ಭಯವಲ್ಲ, ಹೇಳಲು ನಾಚಿಕೆಯಾಗುತ್ತದೆ. ದೊಡ್ಡಪ್ಪ ಅರ್ಧ ಗಂಟೆ ಬಗ್ಗಿ ನೋಡಿದ್ದು ನನ್ನ ಕಣ್ಣನ್ನು, ಆ ಪ್ರಶ್ನೆ ಕೇಳಿದ್ದು ನನ್ನನ್ನು. ಅವರು ಹತ್ತರಲ್ಲಿ ಎಂಟು ಜನರಿಗೆ ಅದೇ ಮಾತು ಹೇಳುತ್ತಾರೆಂದು ಗೊತ್ತಿದ್ದೂ ಒಳಗೊಳಗೇ ಹಿಗ್ಗಿದೆ. ಆಮೇಲೆ ಅಕ್ಕ ಹಗುರವಾಗಿ ಮೆಟ್ಟಿಲಿಳಿದದ್ದು ನೆನಪಾಯಿತು.

ಅವರ ಅಂಗಡಿಯಲ್ಲಿ ದೀಪ ಉರಿಯುತ್ತಿತ್ತು. ಆಸ್ಪತ್ರೆಯ ಚೀಟಿ ಮೆಷಿನ್ನಿನ ಮೇಲೇ ಇತ್ತು, ಮಗುಚಿ. ಅದರ ಬೆನ್ನಿಗೆ ಯಾರದೋ ಎದೆ, ಸೊಂಟ, ತೋಳಿನ ಅಳತೆ ಬರೆದಿತ್ತು.

"ಅಕ್ಕಾ, ಬೆಳಿಗ್ಗೆ ದೊಡ್ಡಪ್ಪ ನೋಡಿದ್ದು ನಿಮ್ಮ ಕಣ್ಣಲ್ಲ. ನನ್ನದು. ನನ್ನಿಂದ ಅದಲುಬದಲಾಯ್ತು."

ಮೆಷಿನ್ನು ನಿಂತಿತು. ಅವರು ಸೂಜಿಯ ಕೆಳಗಿನ ಬಟ್ಟೆಯನ್ನು ನೋಡುತ್ತಲೇ ಇದ್ದರು.

"ಅಂದ್ರೆ ನನ್ನ ಕಲೆ ಹಾಗೇ ಇದೆ."

"ಆ ಕಲೆಗೂ ನೋವಿಗೂ ಸಂಬಂಧ ಇದೆ ಅಂತ ನನಗನ್ನಿಸಲ್ಲ. ಸ್ಕ್ಯಾನ್ ಮಾಡಿಸ್ಕೊಳ್ಳಿ. ರವಿಕೆ ಸುಮ್ಮನೆ ಸಡಿಲ ಆಗಲ್ಲ."

"ಇಷ್ಟು ವರ್ಷ ಇದನ್ನ ನುಂಗ್ಕೊಂಡು ಫೋಟೋ ತೆಗೀತಿದ್ಯಾ?"

ಅವರು ಎಳೆ ಕತ್ತರಿಸಿದರು.

"ಮತ್ತೆ, ಯಾರ ಹತ್ರಾನೂ ಮಾತಾಡದವನು ನೀನೇ ಅನ್ನು."

"ಹೂಂ."

"ಅದನ್ನ ಹೇಳೋಕೆ ನಕ್ಷೆ ಬೇಕಾಗಿತ್ತಾ? ಮುಖ ನೋಡಿದ್ರೆ ಸಾಕು." ನಗಲಿಲ್ಲ ಅವರು. ಚೀಟಿಯನ್ನು ತಿರುಗಿಸಿ ಅಂಗೈಯಿಂದ ಸರಿಮಾಡಿದರು.

"ಶುಕ್ರವಾರ ನಾನೂ ಬರಲಾ?"

"ಬೇಡ. ಇವತ್ತಿಗೆ ನಿನ್ನ ಸಹವಾಸ ಸಾಕು." ನಾನು ಹೊಸ್ತಿಲು ದಾಟುವಾಗ ಕೂಗಿದರು: "ಫೋನ್ ನಂಬರ್ ಕೊಟ್ಟು ಹೋಗು. ಈ ಚೀಟಿಲಿ ಒಂದು ಕಡೆ ತುಂಬಲೇಬೇಕಂತೆ. ಎರಡು ವಾರದಿಂದ ಖಾಲಿ ಬಿಟ್ಟಿದೀನಿ."

ಮರುದಿನ ದೊಡ್ಡಪ್ಪನಿಗೂ ಹೇಳಿದೆ. ಅವರು ಬೈಯಲಿಲ್ಲ. ಗೋಡೆಯಿಂದ ಎರಡೂ ಫೋಟೋ ಕಿತ್ತರು. ಒಂದನ್ನು ಅಕ್ಕನ ಕಡತಕ್ಕೆ ಸೇರಿಸಿ, ನನ್ನದನ್ನು ಬೆಳಕಿಗೆ ಹಿಡಿದು ಅಂಚಿನ ಉಂಗುರಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅದನ್ನು ಮೇಜಿನ ಖಾನೆಗೆ ಹಾಕಿದರು. ಅಂದೂ ಮರುದಿನವೂ ನಾವಿಬ್ಬರೂ ಕೆಲಸದ ಮಾತು ಬಿಟ್ಟು ಇನ್ನೊಂದು ಆಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಗದ್ದ ಊರಿ ಕೂತೆ. ಟೈಮರ್ ಎಣಿಸಿತು. ಅಳಿಸುವ ಮುಂಚೆ ಪಾಪೆಯೊಳಗೆ ನೋಡಿದೆ. ಕಿಟಕಿ, ಸ್ಟೂಲು. ಆಮೇಲೆ ಇಬ್ಬರು ಬಂದು ಹೋದರು. ಫೋನನ್ನು ಕಾಣುವಂತೆ ಮೇಜಿನ ಮೇಲೇ ಇಟ್ಟಿದ್ದೆ.

ಹನ್ನೊಂದೂವರೆಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹೆಂಗಸಿನ ದನಿ, ಅವಸರದ್ದು.

"ಸ್ಕ್ಯಾನ್ ವಿಭಾಗದಿಂದ ಮಾತಾಡ್ತಿರೋದು. ಡಾಕ್ಟ್ರು ಪೇಷಂಟ್ ಹತ್ರ ಮಾತಾಡ್ಬೇಕಂತೆ, ಜೊತೆಗೆ ಮನೆಯವರು ಯಾರಾದ್ರೂ ಇದ್ರೆ ಒಳ್ಳೇದು ಅಂದ್ರು. ನೀವು ಅವರ ತಮ್ಮ ತಾನೆ? ಇಲ್ಲಿ ಹಾಗೇ ಬರೆದಿದೆ."

ಬಾಗಿಲ ಬಳಿ ನಿಂತಿದ್ದ ದೊಡ್ಡಪ್ಪನಿಗೆ ಅದು ಕೇಳಿಸಿರಬೇಕು. ಅವರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

"ಹೌದು, ತಮ್ಮ" ಎಂದೆ. "ಬರ್ತಿದೀನಿ. ಅಲ್ಲೇ ಕೂತಿರೋಕೆ ಹೇಳಿ."