ನಲವತ್ತು ದಿನದ ಕತ್ತಲೆ

ಕುಷ್ಟಗಿಯಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ಕೌದಿ ಹೊಲಿಯುವುದರಲ್ಲಿ ವಿರೂಪಾಕ್ಷಮ್ಮನನ್ನು ಮೀರಿಸುವವರಿರಲಿಲ್ಲ. ಗಂಡ ತೀರಿದ ಮೇಲೆ ಮಗ ಕರಿಬಸಪ್ಪನನ್ನು ಆ ಸೂಜಿಯಿಂದಲೇ ಸಾಕಿದಳು. ಅಣ್ಣ ಅಂದಪ್ಪನ ಮಗಳು ಶೇಖರಮ್ಮನನ್ನೇ ಸೊಸೆಯಾಗಿ ತಂದುಕೊಂಡಳು. ಅತ್ತೆ ಸೊಸೆ ಒಂದೇ ಕೌದಿಯ ಎರಡು ಅಂಚು ಹಿಡಿದು ಕುಳಿತರೆ ಅವರ ನಗೆ ಓಣಿಗೆಲ್ಲ ಕೇಳುತ್ತಿತ್ತು.

"ನಿನ್ನ ಹೊಲಿಗಿ ಕೋಳಿ ನಡದಂಗ ಐತಿ ನೋಡು," ಎಂದು ಅತ್ತೆ ಛೇಡಿಸುವಳು.

"ಕಲಿಸಿದವರು ಯಾರ್ರಿ ಅತ್ತಿ?" ಎಂದು ಸೊಸೆ ತಿರುಗಿ ಕೇಳುವಳು.

೧೯೪೧ರ ಮಳೆಗಾಲದಲ್ಲಿ ವಿರೂಪಾಕ್ಷಮ್ಮನ ಎಡಗಣ್ಣು ಕೆಂಪಾಯಿತು. ತಲೆ ಸಿಡಿಯುವ ನೋವು, ವಾಂತಿ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದಳು. ಅಂದಪ್ಪ ಬಂದು ನೋಡಿ ನಿಟ್ಟುಸಿರುಬಿಟ್ಟ.

"ಇದು ನಮ್ಮ ಮನಿತನದ್ದು, ತಂಗಿ. ಅವ್ವಗೂ ಹಿಂಗ ಆತು, ದೊಡ್ಡವ್ವಗೂ ಹಿಂಗ ಆತು. ದೇವಿ ಕಣ್ಣ ಕೇಳ್ತಾಳ. ನಲವತ್ತ ದಿನ ಕತ್ತಲಿ ಖೋಲ್ಯಾಗ ಕೂಡಬೇಕು, ಮದಗುಣಕಿ ರಸಾ ಬಿಡಬೇಕು."

"ಕೂತ ಮ್ಯಾಲ ಅವರಿಗೆ ಕಣ್ಣ ಬಂದುವೇನಪ್ಪಾ?" ಎಂದಳು ಶೇಖರಮ್ಮ.

"ಬರಲಿಲ್ಲ, ಖರೆ. ಆದರ ನಡುವ ಎದ್ದು ಬಂದ್ರ ದೇವಿ ಮಕ್ಕಳ ಕಣ್ಣಿಗೆ ಕೈ ಹಾಕ್ತಾಳ."

ಆ ಒಂದು ಮಾತಿಗೆ ವಿರೂಪಾಕ್ಷಮ್ಮ ಎದ್ದು, ಕಿಟಕಿಯಿಲ್ಲದ ಕಾಳಿನ ಕೋಣೆಗೆ ನಡೆದಳು.

ಅಂದಪ್ಪ ಕೆಟ್ಟವನಲ್ಲ. ಹಿತ್ತಲಿನ ಮದಗುಣಕಿಯ, ಅಂದರೆ ದತ್ತೂರಿಯ, ಎಲೆಯನ್ನು ತಾನೇ ಕಿತ್ತು, ಅರೆದು, ಬಟ್ಟೆಯಲ್ಲಿ ಹಿಂಡಿ, ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಡುತ್ತಿದ್ದ. ಅವಳು ನರಳಿದರೆ ತಾನೂ ಅಳುತ್ತಿದ್ದ. ಓದುಗರೇ, ನಮ್ಮ ಮನೆಗಳಲ್ಲಿ ಎಷ್ಟೋ ಕೇಡು ಹೀಗೆ ಪ್ರೀತಿಯ ಕೈಯಿಂದಲೇ ಆಗುತ್ತದೆ.

ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದ ಶೇಖರಮ್ಮ ಒಂದನ್ನು ಗಮನಿಸಿದಳು. ರಸ ಬಿಟ್ಟಾಗಲೆಲ್ಲ ನೋವು ಏರುತ್ತಿತ್ತು. ಹತ್ತನೆಯ ದಿನ ಎಡಗಣ್ಣಿನ ಬೆಳಕು ಪೂರ್ತಿ ಹೋಯಿತು. ಹನ್ನೆರಡನೆಯ ದಿನ ಅತ್ತೆ ಬಲಗಣ್ಣನ್ನು ಒತ್ತಿ ಹಿಡಿದು ಗೋಡೆಗೆ ತಲೆ ಚಚ್ಚಿಕೊಂಡಳು.

ಮರುದಿನ ಶೇಖರಮ್ಮ ಸಂತೆಯ ನೆಪ ಹೇಳಿ ಕುಷ್ಟಗಿಗೆ ನಡೆದು, ಸರಕಾರಿ ದವಾಖಾನೆಯ ಡಾಕ್ಟರ್ ಮಕ್ಬುಲಸಾಬರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಮದಗುಣಕಿ ಎನ್ನುತ್ತಲೇ ಅವರು ಕುರ್ಚಿಯಿಂದ ಎದ್ದರು.

"ಇವತ್ತ ಬಂದ್ ಮಾಡವ್ವ ಅದನ್ನ! ಕಣ್ಣಾಗ ನೀರು ಹುಟ್ಟತೈತಿ, ಸಣ್ಣ ತೂಬಿನಿಂದ ಹೊರಗ ಹೋಕ್ಕೈತಿ. ಇಂಥಾ ಕಣ್ಣಾಗ ಆ ತೂಬು ಮೊದಲ ಇಕ್ಕಟ್ಟು. ಕತ್ತಲ್ಯಾಗ ಕೂತ್ರ ಕಣ್ಣಿನ ಪಾಪಿ ಅಗಲ ಆಗಿ ತೂಬು ಮುಚ್ಚತೈತಿ. ಮದಗುಣಕಿನೂ ಅದನ್ನ ಮಾಡ್ತೈತಿ. ನೀರು ತುಂಬಿ ಒಳಗಿನ ನರಾ ಒತ್ತಿ ಕೊಲ್ತೈತಿ."

"ದೇವಿ ಶಾಪ ಅಂತಾರ್ರಿ."

"ನಲವತ್ತ ದಾಟಿದ ನೂರು ಮಂದ್ಯಾಗ ಇಬ್ಬರು ಮೂವರಿಗಾದ್ರೂ ಈ ಒತ್ತಡದ ಬ್ಯಾನಿ ಇರ್ತೈತಿ. ನನ್ನ ತಾಯಿ ಬಾಷಾಬಿಗೂ ಇತ್ತು. ಅಕಿಗೆ ಯಾವ ದೇವಿ ಶಾಪ? ಒಂದ ರಕ್ತದಾಗ ಹೆಚ್ಚು ಬರ್ತೈತಿ, ಅಷ್ಟ. ಹೋದ ಕಣ್ಣ ತಿರುಗಿ ಬರೂದಿಲ್ಲ. ಉಳಿದದ್ದನ್ನ ಉಳಿಸಬಹುದು. ಗದಗಿನ ದೊಡ್ಡ ದವಾಖಾನಿಗೆ ಚೀಟಿ ಕೊಡ್ತೀನಿ, ತಡಾ ಮಾಡಬ್ಯಾಡ."

ಮನೆಗೆ ಬಂದವಳೇ ಶೇಖರಮ್ಮ ಕೋಣೆಯ ಬಾಗಿಲು ತೆರೆದಳು. ಅಂದಪ್ಪ ಅಡ್ಡ ನಿಂತ. ಕರಿಬಸಪ್ಪ ಮಾವನ ಮುಖ, ಹೆಂಡತಿಯ ಮುಖ ನೋಡುತ್ತ ನಿಂತ.

"ಇನ್ನ ಇಪ್ಪತ್ತೇಳ ದಿನ ಐತಿ. ಹೊಸ್ತಿಲ ದಾಟಿದ್ರ ನಾ ನಿನ್ನ ಅಣ್ಣ ಅಲ್ಲ," ಎಂದು ಅಂದಪ್ಪ ಒಳಗಿದ್ದ ತಂಗಿಗೆ ಕೂಗಿ ಹೇಳಿದ.

ಶೇಖರಮ್ಮ ಒಳಗೆ ಹೋಗಿ ಅತ್ತೆಯ ಕೈ ಹಿಡಿದು ಡಾಕ್ಟರರ ಮಾತನ್ನೆಲ್ಲ ಹೇಳಿದಳು. "ಅತ್ತಿ, ನೀವು ಮಗನ ಸಲುವಾಗಿ ಇಲ್ಲಿ ಕೂತೀರಿ. ಇಲ್ಲಿ ಕೂತ್ರ ಅವರ ಕಣ್ಣ ಉಳಿಯೂದಿಲ್ಲ. ಡಾಕ್ಟರಿಗೆ ತೋರಿಸಿದ್ರ ಉಳೀತಾವ."

ವಿರೂಪಾಕ್ಷಮ್ಮ ಗೋಡೆ ಹಿಡಿದು ಹೊರಬಂದಳು.

"ಅಣ್ಣಾ, ಅವ್ವ ನಲವತ್ತೂ ದಿನ ಕೂತಳು. ದೊಡ್ಡವ್ವನೂ ಕೂತಳು. ಯಾರೂ ನಡುವ ಏಳಲಿಲ್ಲ. ಮತ್ತ ದೇವಿ ನನ್ನ ಯಾಕ ಬಿಡಲಿಲ್ಲ?"

ಅಂದಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

"ನಾ ಕೂಡಾಂಗಿಲ್ಲ. ಬಂಡಿ ಹೂಡೋ ಕರಿಬಸಪ್ಪ."

ಬಂಡಿಯಲ್ಲಿ ಕೊಪ್ಪಳ, ಅಲ್ಲಿಂದ ರೈಲಿನಲ್ಲಿ ಗದಗು. ದಾರಿಯುದ್ದಕ್ಕೂ ಅತ್ತೆಯ ತಲೆ ಸೊಸೆಯ ಹೆಗಲ ಮೇಲಿತ್ತು. ಆಪರೇಷನ್ ಆಗಿ ಎರಡು ವಾರಕ್ಕೆ ಪಟ್ಟಿ ಬಿಚ್ಚಿದಾಗ ಬಲಗಣ್ಣಿಗೆ ಮೊದಲು ಕಂಡದ್ದು ಶೇಖರಮ್ಮನ ಮುಖ.

"ಎಷ್ಟ ಸೊರಗೀಯ ನನ್ನವ್ವ, ಊಟ ಮಾಡಿದ್ಯೋ ಇಲ್ಲೋ?" ಎಂದಳು ವಿರೂಪಾಕ್ಷಮ್ಮ. ಎಡಗಣ್ಣು ಹೋಗಿಯೇಬಿಟ್ಟಿತ್ತು.

ಊರಿಗೆ ಮರಳಿದ ದಿನ ಅಂದಪ್ಪ ಬಂದು ತಂಗಿಯ ಎದುರು ಕುಸಿದು ಕುಳಿತ. "ನನ್ನ ಕೈಯಾರೆ ನಿನ್ನ ಕಣ್ಣ ಕಳದ್ನಲ್ಲ ತಂಗಿ."

"ಗೊತ್ತಿದ್ರ ಕಳೀತಿದ್ಯಾ? ಅಳಬ್ಯಾಡ. ಮುಂದಿನ ವಾರ ನೀನೂ ಕರಿಬಸಪ್ಪನೂ ಗದಗಿಗೆ ಹೋಗ್ರಿ. ಒಡಹುಟ್ಟಿದವ್ರು, ಮಕ್ಕಳು, ಎಲ್ಲಾರೂ ತೋರಿಸಬೇಕಂತ."

ಅಂದಪ್ಪ ಎದುರಾಡದೆ ಹೋದ. ಅವನ ಕಣ್ಣುಗಳು ನೆಟ್ಟಗಿದ್ದವು. ಕರಿಬಸಪ್ಪನ ಕಣ್ಣಿನಲ್ಲಿ ಒತ್ತಡ ಆಗಲೇ ಏರತೊಡಗಿತ್ತು. ನೋವಿಲ್ಲ, ಮಂಜಿಲ್ಲ, ಅವನಿಗೆ ಗೊತ್ತೇ ಇರಲಿಲ್ಲ. ಹನಿಮದ್ದು ಕೊಟ್ಟು ಕಳಿಸಿದರು.

ಅಂದಿನಿಂದ ದಿನಾ ಬೆಳಗ್ಗೆ ಪಡಸಾಲೆಯ ಬಿಸಿಲಲ್ಲಿ, ಇಬ್ಬರು ಮಕ್ಕಳ ತಂದೆಯಾದ ಕರಿಬಸಪ್ಪ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾನೆ. ವಿರೂಪಾಕ್ಷಮ್ಮ ಒಂಟಿಗಣ್ಣನ್ನು ಹತ್ತಿರ ತಂದು, ಗುರಿ ಹಿಡಿದು ಹನಿ ಬಿಡುತ್ತಾಳೆ.

"ಯವ್ವಾ, ಉರೀತೈತಿ."

"ಉರೀಲಿ. ಕಣ್ಣ ಅಗಲ ಮಾಡೋ, ಇನ್ನೊಂದು ಹನಿ ಐತಿ."